ಟೀಚರಮ್ಮನ ಮನೆಯವರ ಪರವಾಗಿ ಎರಡು ಮಾತು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಿವೃತ್ತ ಮುಖ್ಯಗುರುಗಳಾದ ಸನ್ಮಾನ್ಯ ವೇದವ್ಯಾಸ ಆಚಾರ್ಯರೇ, ನಮ್ಮ ಮನೆಯನ್ನು ಫೋನಿನಲ್ಲಿ ಎರಡು ಸಲ ನೋಡಿ ಇವತ್ತು ಮೊದಲ ಸಲ ನಮಗೆ ಪೂರ್ತಿಯಾಗಿ ಕಾಣಿಸಿಕೊಂಡಿರುವ ಮುಖ್ಯ ಅತಿಥಿಗಳಾದ ವಿಜಯಲಕ್ಷ್ಮಿ ಮೇಡಂ ಅವರೇ, ಶಿಶುವಿಹಾರ ಶಿಕ್ಷಕಿಯರ ಆನ್‌ಲೈನ್ ಡಿಪ್ಲೊಮಾದಲ್ಲಿ ತೇರ್ಗಡೆಯಾಗಿ ಮುಂದಿನ ಸಾಲುಗಳಲ್ಲಿ ಕುಳಿತಿರುವ ಸಹೋದರಿಯರೇ, ಅವರ ಮಕ್ಕಳನ್ನು ಎತ್ತಿಕೊಂಡು ಗೋಡೆಯ ಬದಿಯಲ್ಲಿ ನಿಂತಿರುವ ಗಂಡಂದಿರೇ, ಗಂಡಂದಿರ ಮೇಲೆ ಒಂದು ಕಣ್ಣಿಟ್ಟಿರುವ ಅತ್ತೆಯಂದಿರೇ, ಹಾಗೂ ಸಮಸ್ತ ಸಭಿಕರೇ.

ನನ್ನ ಹೆಸರು ಅಂಬರೀಶ. ಪೋತ್ನಾಳದವನು. ಪೋತ್ನಾಳಕ್ಕೂ ಮಾನ್ವಿಗೂ ನಡುವೆ ಟಂಟಂ ಆಟೊ ಓಡಿಸಿ ಜೀವನ ಮಾಡುವವನು. ರಾಯಚೂರಿನ ಈ ಸಭಾಂಗಣಕ್ಕೆ ಹೊಸಬನಾದರೂ ನಾನು ಮೈಕಿಗೆ ಹೊಸಬನಲ್ಲ. ನಮ್ಮ ಓಣಿಯ ಜಯಂತಿಯಾಗಲಿ, ಶಾಲೆಯ ಬೀಳ್ಕೊಡುಗೆಯಾಗಲಿ, ನಿರೂಪಣೆ ನನ್ನದೇ. ಆದರೆ ಇಷ್ಟು ವರ್ಷ ಬೇರೆಯವರನ್ನು ಮಾತಿಗೆ ಕರೆದಿದ್ದೇನೆಯೇ ಹೊರತು ನನ್ನನ್ನು ಯಾರೂ ಕರೆದಿರಲಿಲ್ಲ. ಮೊನ್ನೆ ಅಧ್ಯಯನ ಕೇಂದ್ರದವರು ಫೋನ್ ಮಾಡಿ, "ಮನೆಯವರ ಪರವಾಗಿ ನೀವು ಐದು ನಿಮಿಷ ಮಾತಾಡಬೇಕ್ರಿ" ಎಂದರು. ನಾನು ಒಪ್ಪಿದ ವೇಗ ನೋಡಿ ನನ್ನ ಹೆಂಡತಿ ಶಶಿಕಲಾ, "ಐದು ನಿಮಿಷ ಅಂದಾರ. ಮಾನ್ವಿ ತನಕ ಒಯ್ಯಬ್ಯಾಡ್ರಿ" ಎಂದಳು.

ಶಶಿಕಲಾ ಎರಡನೇ ಸಾಲಿನಲ್ಲಿದ್ದಾಳೆ, ಹಸಿರು ಸೀರೆ. ದೇವದುರ್ಗದ ಒಂದು ಶಾಲೆಯವರು ತಮ್ಮ ಶಿಶುವಿಹಾರಕ್ಕೆ ಅವಳನ್ನು ಟೀಚರ್ ಆಗಿ ಕರೆದಿದ್ದಾರೆ ಎಂದು ಈ ಸಭೆಗೆ ತಿಳಿಸಲು ಹೆಮ್ಮೆಪಡುತ್ತೇನೆ. ಸೋಮವಾರ ಹಾಜರಾಗಬೇಕು. ಪೋತ್ನಾಳದಿಂದ ದಿನಾ ಹೋಗಿ ಬರುವ ದಾರಿಯಲ್ಲ. ಅಲ್ಲೇ ರೂಮು ಮಾಡಿಕೊಂಡು ಇದ್ದು ಶನಿವಾರ ಊರಿಗೆ ಬರಬೇಕು. ಹೋಗುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿಲ್ಲ. ನಮ್ಮ ಮನೆಯಲ್ಲಿ ಒಬ್ಬರು "ನೋಡೋಣ, ನೋಡೋಣ" ಎನ್ನುತ್ತಿದ್ದಾರೆ. ಆ ಒಬ್ಬರು ಯಾರು ಎಂಬುದು ಇವತ್ತಿನ ವಿಷಯವಲ್ಲ. ಇವತ್ತಿನ ವಿಷಯ ಶಿಕ್ಷಣ. ಆದ್ದರಿಂದ ನಾನು ಶಿಕ್ಷಣಕ್ಕೆ ಬರುತ್ತೇನೆ.

ಶಿಕ್ಷಣ ಎಂದರೇನು? ನಮ್ಮ ಮನೆಯ ಮಟ್ಟಿಗೆ ಶಿಕ್ಷಣ ಎಂದರೆ ಒಂದೇ ಒಂದು ಫೋನು. ಅದು ನನ್ನದು. ನನ್ನ ಗಿರಾಕಿಗಳ ಹತ್ತಿರವೆಲ್ಲ ಇರುವುದು ಅದೇ ನಂಬರು. ಶಶಿಕಲಾ ಅದನ್ನು ಹಿಡಿದು ಮಾಳಿಗೆ ಹತ್ತುತ್ತಿದ್ದಳು, ಸಿಗ್ನಲ್ ಅಲ್ಲಿ ಮಾತ್ರ. ಅಲ್ಲಿ ಮೇಡಂ ಮಗುವಿನ ಮನಸ್ಸಿನ ಬೆಳವಣಿಗೆಯ ಬಗ್ಗೆ ಹೇಳುತ್ತಿರುವಾಗ ನಡುವೆ ಕರೆ ಬರುತ್ತಿತ್ತು. "ಅಂಬ್ರೇಶ, ಎಲ್ಲಿದ್ದಿಯಪಾ, ಹೆಣ್ಮಕ್ಕಳು ಬಿಸಲಾಗ ನಿಂತಾರ." ಇವಳು ಪಿಸುಮಾತಿನಲ್ಲಿ, "ಅವರು ಇಲ್ರಿ, ನಾನು ಕ್ಲಾಸಿನ್ಯಾಗ ಅದೀನಿ" ಎನ್ನುತ್ತಿದ್ದಳು. ಅಂಬರೀಶನ ಹೆಂಡತಿ ಕ್ಲಾಸಿನಲ್ಲಿದ್ದಾಳೆ ಎಂಬ ಸುದ್ದಿ ಹೀಗೆ ಇಡೀ ರೂಟಿಗೆ ಹರಡಿತು. ಕೆಲವರು ನಕ್ಕರು. ಸಣ್ಣ ಹುಡುಗರನ್ನು ಆಡಿಸುವುದಕ್ಕೆ ಓದಬೇಕೇ ಎಂದು ಕೇಳಿದರು. ನಾನೂ ಅವರ ಜೊತೆ ನಕ್ಕೆ, ಗಿರಾಕಿಗಳಲ್ಲವೇ.

ಆಮೇಲೆ ಅಭ್ಯಾಸ ಪಾಠ ಶುರುವಾಯಿತು. ಮಕ್ಕಳಿಗೆ ಕಲಿಸುವ ಮೊದಲು ಯಾರ ಮುಂದಾದರೂ ಪಾಠ ಮಾಡಿ ನೋಡಬೇಕಂತೆ. ಸಂಜೆ ಟಂಟಂ ತೊಳೆದು ಒಳಗೆ ಬಂದರೆ ನನಗೆ ಚಹಾ ಇಲ್ಲ, ಚಾಪೆ. ಚಾಪೆಯ ಮೇಲೆ ನಮ್ಮ ನಾಲ್ಕು ವರ್ಷದ ಮಗಳು ಸುಜಾತಾ, ಅವಳ ಪಕ್ಕ ನಾನು. ಹುಲಿ ಹೇಗೆ ಕೂಗುತ್ತದೆ ಎಂದು ಕೇಳಿದರೆ ಹೇಳಬೇಕು. ಮಳೆ ಹೇಗೆ ಬರುತ್ತದೆ ಎಂದರೆ ಬೆರಳಲ್ಲಿ ತೋರಿಸಬೇಕು. ಕದ ಮುಚ್ಚಿಕೊಂಡೇ ಮಾಡಿದ್ದೇನೆ ಎಂಬುದನ್ನು ಮಾತ್ರ ಸಭೆ ಗಮನಿಸಬೇಕು.

ಒಂದು ಸಂಜೆ ಅವಳು ಹಾಳೆಯನ್ನೂ ಬಣ್ಣದ ಕಡ್ಡಿಗಳನ್ನೂ ಕೊಟ್ಟು, "ನಿಮಗ ಏನ್ ಇಷ್ಟಾನೋ ಅದರ ಚಿತ್ರ ತಗೀರಿ" ಎಂದಳು. ಸುಜಾತಾ ಬಿದ್ದುಕೊಂಡು ಗೀಚತೊಡಗಿದಳು. ನಾನು ಕುಳಿತೆ. ಸಭಿಕರೇ, ಇಷ್ಟು ವಯಸ್ಸಾದ ಮನುಷ್ಯ, ವ್ಯವಹಾರ ಬಲ್ಲವನು, ನನಗೆ ಏನಿಷ್ಟ ಎಂದು ನನಗೆ ಹೊಳೆಯಲಿಲ್ಲ. ನೀವೇ ಹೇಳಿರಿ, ಅದನ್ನು ಯಾರಾದರೂ ನನಗೆ ಯಾವತ್ತಾದರೂ ಕೇಳಿದ್ದರೇ? ಸುಜಾತಾಳ ವಯಸ್ಸಿನಲ್ಲಿ ನಾನು ಬಾಗಲವಾಡದ ಕಡೆ ಭತ್ತದ ಗದ್ದೆಗಳ ಬದುವಿನ ಮೇಲೆ ಕೂತು ಕೂಲಿಯವರ ಬುತ್ತಿಗೆ ನಾಯಿ ಬಾಯಿ ಹಾಕದಂತೆ ಕಾಯುತ್ತಿದ್ದೆ. ಅಲ್ಲೇ ಕೂತು ಬಂದ ಹೋದ ಬಸ್ಸು ನೋಡುತ್ತಿದ್ದೆ. ಕೊನೆಗೆ ಹಾಳೆಯ ಮೇಲೆ ಒಂದು ಬಸ್ಸು ತೆಗೆದೆ. ನನ್ನ ಹೆಂಡತಿ ಚೆನ್ನಾಗಿದೆ ಎನ್ನಲಿಲ್ಲ, ಕೆಟ್ಟಿದೆ ಎನ್ನಲಿಲ್ಲ. "ಈ ಬಸ್ಸು ಎಲ್ಲಿಗೆ ಹೊಂಟದ?" ಎಂದು ಕೇಳಿದಳು. ಹಾಗೇ ಕೇಳಬೇಕೆಂದು ಅವಳ ಪಾಠದಲ್ಲಿದೆಯಂತೆ. ಕಣ್ಣಿಗೆ ಧೂಳು ಬಿತ್ತು ಎಂದು ಹೇಳಿ ಎದ್ದೆ. ಇರಲಿ, ವಿಷಯ ಎಲ್ಲಿಗೋ ಹೋಯಿತು.

ಈಗ ನಮ್ಮ ತಾಯಿಯವರ ವಿಚಾರ ಹೇಳದಿದ್ದರೆ ಅಪಚಾರವಾಗುತ್ತದೆ. ಮಾನಮ್ಮ, ಇಲ್ಲೇ ಕುಳಿತಿದ್ದಾರೆ. ನಮ್ಮೂರಿನ ಅಂಗನವಾಡಿಯಲ್ಲಿ ಆಯಾ ಆಗಿ ತಲೆ ನೆರೆಯುವ ತನಕ ದುಡಿದವರು. ತಪಾಸಣೆಯ ಜೀಪು ಬಂತೆಂದರೆ ಅವರ ಕೆಲಸ ಒಂದೇ: ಮಕ್ಕಳಿಗೆ ಮುಖ ತೊಳೆದು ಪೌಡರ್ ಹಚ್ಚಿ, ಕೈಕಟ್ಟಿ, ಬಾಯಿ ಮೇಲೆ ಬೆರಳಿಟ್ಟು ಕೂಡಿಸುವುದು. ಸಾಹೇಬರು ಬಂದಾಗ ಎಷ್ಟು ನಿಶ್ಶಬ್ದವಿದ್ದರೆ ಅಷ್ಟು ಒಳ್ಳೆಯ ಅಂಗನವಾಡಿ. ಅವರ ಅಂಗನವಾಡಿ ಬಹಳ ಒಳ್ಳೆಯದೆಂದು ಹೆಸರಾಗಿತ್ತು.

ಶಶಿಕಲಾಳ ಪರೀಕ್ಷೆಯ ದಿನ ಬಂತು. ಮಾಳಿಗೆ ಮೇಲಿನ ಕೋಣೆಯಲ್ಲಿ ಓಣಿಯ ಮಕ್ಕಳನ್ನು ದುಂಡಗೆ ಕೂಡಿಸಿ ಪಾಠ ನಡೆಸಬೇಕು, ಫೋನಿನಲ್ಲಿ ವಿಜಯಲಕ್ಷ್ಮಿ ಮೇಡಂ ನೋಡುತ್ತಾರೆ. ನಮ್ಮ ತಾಯಿಗೆ ತಿಳಿದದ್ದು ಇಷ್ಟೇ, ಸಾಹೇಬರು ಬರುತ್ತಾರೆ, ಜೀಪಿನ ಬದಲು ಫೋನಿನಲ್ಲಿ. ಸೊಸೆ ಮಾಳಿಗೆ ಮೇಲೆ ಸಿದ್ಧತೆ ಮಾಡಿಕೊಳ್ಳುತ್ತಿದ್ದಾಗ ಇವರು ಕೆಳಗೆ ಮಕ್ಕಳನ್ನು ಸಿದ್ಧ ಮಾಡಿ ಮೇಲೆ ಕರೆತಂದರು. ಫೋನು ಹಚ್ಚಿದ ಕೂಡಲೇ ಎಲ್ಲ ಮಕ್ಕಳು ಎದ್ದು ನಿಂತು, "ನಮಸ್ತೇ ಮೇಡಂ" ಎಂದು ರಾಗವಾಗಿ ಹೇಳಿ, ಕೂತು, ಕೈ ಕಟ್ಟಿದರು. ಇವಳು ಮಣ್ಣು ಕೊಟ್ಟಳು, ಮುಟ್ಟಲಿಲ್ಲ. ಹುಣಸೆ ಬೀಜ ಸುರಿದಳು, ನೋಡಲಿಲ್ಲ. ಏನು ಕೇಳಿದರೂ ಎಲ್ಲರೂ ಒಟ್ಟಿಗೆ "ಹೌದು ಟೀಚರ್". ಬೆಳಿಗ್ಗೆ ಏನು ತಿಂದಿರಿ ಎಂದರೂ "ಹೌದು ಟೀಚರ್". ಕಡೆಗೆ ಮೇಡಂ, "ಈ ಮಕ್ಕಳು ಆಡೋದಿಲ್ವಾ?" ಎಂದು ಕೇಳಿದರು. ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದ ನಮ್ಮ ತಾಯಿ ಹೆಮ್ಮೆಯಿಂದ, "ಇಲ್ರಿ ಮೇಡಂ, ಒಟ್ಟ ಆಡೋದಿಲ್ಲ. ಭಾಳ ಶಾಣ್ಯಾ ಹುಡುಗ್ರು" ಎಂದರು.

ಮೇಡಂ, ನೀವು ನಗುತ್ತಿದ್ದೀರಿ. ಅವತ್ತು ನಗಲಿಲ್ಲ. ಮತ್ತೊಂದು ಅವಕಾಶ ಕೊಡುತ್ತೇವೆ, ಅದೇ ಕೊನೆಯದು ಎಂದು ಹೇಳಿ ಫೋನಿಟ್ಟಿರಿ. ನಮ್ಮ ತಾಯಿ ಅವತ್ತು ಊಟ ಮಾಡಲಿಲ್ಲ. "ಒಂದು ಕೂಸರ ಪಿಟಕ್ ಅಂತೇನ? ಇಷ್ಟು ಸುಮ್ಮ ಕುಂತಿದ್ದಕ್ಕ ನಪಾಸ್ ಅಂತಾರಂದ್ರ, ನಾ ಜೀವಮಾನಪೂರ್ತಿ ಮಾಡಿದ್ದು ಏನಾತು?" ಎಂದರು. ಶಶಿಕಲಾ ಅವರ ಹತ್ತಿರ ಕುಳಿತು, "ಅತ್ತಿ, ನಿಮಗ ಹಂಗ ಹೇಳಿಕೊಟ್ಟಿದ್ರು, ನೀವು ಹಂಗ ಮಾಡೀರಿ. ನನಗ ಬ್ಯಾರೆ ಹೇಳಿಕೊಟ್ಟಾರ. ಇದರಾಗ ನಿಮ್ಮ ತಪ್ಪೇನದ?" ಎಂದಳು. ನನಗಾದರೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಾಗದೆ ಟಂಟಂ ತೊಳೆದೆ.

ಎರಡನೇ ಸಲ ಪೌಡರ್ ಹಚ್ಚಲಿಲ್ಲ, ಯಾರೂ ಏನೂ ಹೇಳಿಕೊಡಲಿಲ್ಲ. ಮಕ್ಕಳು ಕಿಚಿಕಿಚಿ ಎನ್ನುತ್ತಲೇ ಕುಳಿತಿದ್ದರು. ಆದರೆ ಫೋನಿನಲ್ಲಿ ಮೇಡಂ ಮುಖ ಮೂಡಿದ್ದೇ ತಡ, ಎಲ್ಲ ಕೈಗಳೂ ತಾವಾಗಿ ಕಟ್ಟಿಕೊಂಡವು. ನಾನು ಕಿಟಕಿಯ ಹೊರಗೆ ನಿಂತಿದ್ದೆ. ಶಶಿಕಲಾ ನಗುನಗುತ್ತಾ, "ನಿನ್ನಿ ನೀವು ಏನೇನ್ ನೋಡಿದ್ರಿ, ಯಾರ್ ಹೇಳ್ತೀರಿ?" ಎಂದು ಕೇಳಿದಳು. ಉತ್ತರವಿಲ್ಲ. ಮತ್ತೆ ಕೇಳಿದಳು. ಇಲ್ಲ. ಅವಳ ನಗು ಹಾಗೇ ಇತ್ತು, ಕುತ್ತಿಗೆ ಬೆವೆತಿತ್ತು.

ಆಗ ಬಾಗಿಲಲ್ಲಿದ್ದ ನಮ್ಮ ತಾಯಿ ಒಳಗೆ ಬಂದರು. ಸಾಹೇಬರ ಮುಂದೆ ಕುರ್ಚಿ ಕೊಟ್ಟರೂ ಕೂಡದವರು, ಫೋನಿನ ಎದುರಿಗೇ, ಮಕ್ಕಳ ಸಾಲಿನಲ್ಲಿ ಸುಜಾತಾಳ ಪಕ್ಕ ಕಾಲು ಚಾಚಿ ಕುಳಿತುಬಿಟ್ಟರು. ಕೈ ಎತ್ತಿ, "ಟೀಚರ್, ನಾ ಹೇಳ್ತೀನಿ. ನಿನ್ನಿ ನಮ್ಮೆಮ್ಮಿ ನನ್ನ ಸೀರಿ ತಿಂತು" ಎಂದರು.

ಮಕ್ಕಳೆಲ್ಲ ಅವರತ್ತ ತಿರುಗಿದರು. ಆಮೇಲೆ ಒಂದು ಹುಡುಗಿ ಮೆಲ್ಲಗೆ, "ಸುಳ್ಳು. ಎಮ್ಮಿ ಸೀರಿ ತಿನ್ನಂಗಿಲ್ಲ" ಎಂದಳು. ಇನ್ನೊಬ್ಬಳು, "ತಿಂತದ. ನಮ್ಮೆಮ್ಮಿ ನಮ್ಮಪ್ಪನ ಲುಂಗಿ ತಿಂದದ" ಎಂದಳು. ಅಷ್ಟೇ. ಒಂದು ಮಗು ಎಮ್ಮೆಯಾಯಿತು, ಇನ್ನೊಂದು ಲುಂಗಿ ಕಸಿಯಿತು, ಮಣ್ಣಿನಲ್ಲಿ ಎಮ್ಮೆ ಎದ್ದವು, ಹುಣಸೆ ಬೀಜ ಸಗಣಿಯಾದವು. ಆ ಗದ್ದಲ ರಸ್ತೆಯ ತನಕ ಕೇಳಿತು. ಮೇಡಂ, "ಯಾವ ಬಣ್ಣದ ಸೀರೆ ಅಮ್ಮಾ?" ಎಂದು ಕೇಳಿದರೆ ನಮ್ಮ ತಾಯಿ ಏಳಲಿಲ್ಲ, ಕೂತೇ, "ಹಳದೀದ್ರಿ" ಎಂದರು. ಸಭಿಕರೇ, ನಮ್ಮ ಮನೆಯಲ್ಲಿ ಎಮ್ಮೆಯೇ ಇಲ್ಲ.

ಹೀಗೆ ನನ್ನ ಹೆಂಡತಿ ಪಾಸಾದಳು. ನೀವು ಚಪ್ಪಾಳೆ ತಟ್ಟಿದಿರಿ, ಸಂತೋಷ. ಇಲ್ಲಿಗೆ ಮುಗಿಸಿದರೆ ಐದು ನಿಮಿಷದ ಮರ್ಯಾದೆಯೂ ಉಳಿಯುತ್ತದೆ. ಆದರೆ ದೇವದುರ್ಗ ಇನ್ನೂ ಹಾಗೇ ಉಳಿದಿದೆಯಲ್ಲ.

ನೋಡೋಣ ಎನ್ನುತ್ತಿರುವವನು ನಾನೇ ಎಂದು ಇಷ್ಟು ಹೊತ್ತಿಗೆ ನಿಮಗೆ ತಿಳಿದಿರಬೇಕು. ಮೊದಲು, ಕೂಸು ಸಣ್ಣದಿದೆ ಎಂದೆ. ನಮ್ಮ ತಾಯಿ, "ಕೂಸು ನನ್ನ ಮಗ್ಗಲಾಗ ಮಲಗತದ, ನಿನ್ನ ಮಗ್ಗಲಾಗಲ್ಲ" ಎಂದರು. ಜನ ಏನಂದಾರು ಎಂದೆ. "ಯಾವ ಜನ? ನಿನ್ನ ಟಂಟಂನ್ಯಾಗ ಕುಂದ್ರೋ ಜನಾನ? ಇಳಿದ ಮ್ಯಾಲ ಮರೀತಾರ" ಎಂದರು. ಬಸ್ಸು ಬದಲಿಸಬೇಕು ಎಂದೆ. ಅದಕ್ಕೆ ಅವರು ಎದ್ದು ಅಡುಗೆಮನೆಗೆ ಹೋದರು. ಶಶಿಕಲಾ ಮಾತ್ರ ಒಮ್ಮೆಯೂ ವಾದ ಮಾಡಲಿಲ್ಲ. ಹೋಗಲೇ ಎಂದು ಒಂದು ಸಲ ಕೇಳಿದಳು, ಆಮೇಲೆ ಕೇಳಲಿಲ್ಲ. ಬೇರೆಯವರಿಗೆ ಬೇರೆ ಬೇರೆ ಕಾರಣ ಹೇಳಿದೆ. ನಿಜವಾದ ಕಾರಣ ಯಾವುದು? ಅದು ನನಗೂ ನಿನ್ನೆಯ ತನಕ ಸರಿಯಾಗಿ ಗೊತ್ತಿರಲಿಲ್ಲ.

ನಿನ್ನೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಾನ್ವಿ ಸ್ಟ್ಯಾಂಡಿನಲ್ಲಿ ಫೋನು ನೋಡುತ್ತಿದ್ದೆ. ಅವಳ ಪಾಠಗಳೆಲ್ಲ ಅದರಲ್ಲಿವೆ. ಒಂದನ್ನು ಒತ್ತಿದೆ. ಮಗು ಶಿಶುವಿಹಾರಕ್ಕೆ ಬರುವ ಮೊದಲ ದಿನದ ಪಾಠ ಅದು. ತಾಯಿ ಮಗುವಿನ ಕಣ್ಣು ತಪ್ಪಿಸಿ ಹೋಗಬಾರದಂತೆ. ಹೇಳಿಯೇ ಹೋಗಬೇಕಂತೆ. ಮತ್ತೆ ಯಾವಾಗ ಬರುತ್ತೇನೆ ಎಂಬುದನ್ನು ಮಗುವಿಗೆ ತಿಳಿಯುವ ಹಾಗೆ ಹೇಳಬೇಕಂತೆ. ಮಗು ಅಳುತ್ತದೆ, ಅಳಲು ಬಿಡಬೇಕಂತೆ. ಅಳುತ್ತದೆ ಎಂದು ತಾಯಿ ಹಿಂದಕ್ಕೆ ಬರಬಾರದಂತೆ. ಹೇಳಿದ ಹೊತ್ತಿಗೆ ಬಂದರೆ ಸಾಕು, ಮಗು ತಾನಾಗಿ ಸುಮ್ಮನಾಗುತ್ತದಂತೆ. ಅದನ್ನೇ ಮತ್ತೊಮ್ಮೆ ಒತ್ತಿ ಕೇಳಿದೆ. ಗಿರಾಕಿ ಬಂದು "ಹೊಂಟೀರೇನ್ರಿ?" ಎಂದು ಕೇಳಿದ್ದೂ ತಿಳಿಯಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇದೊಂದು ಮಾತು ಹೇಳಿ ಮುಗಿಸುತ್ತೇನೆ. ಮನೆಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ, ಮೈಕ್ ಇದ್ದರೆ ಬರುತ್ತದೆ, ಸಭಿಕರು ಕ್ಷಮಿಸಬೇಕು.

ಶಶಿಕಲಾ, ಸೋಮವಾರ ಹೋಗು. ನಾನೇ ಬಸ್ಸಿಗೆ ಕೂಡಿಸ್ತೀನಿ. ಹೋಗೋ ಮುಂದ ನನಗ ಹೇಳಿ ಹೋಗು. ಶನಿವಾರ ಬರ್ತೀನಿ ಅಂತ ಹೇಳು. ನಾನು ಒಂದಿಷ್ಟು ಅಳ್ತೀನಿ, ಅಳಲಿ ಬಿಡು. ಹಿಂದಕ್ಕ ಬರಬ್ಯಾಡ. ಆಮ್ಯಾಲ ನಾನಾಗೇ ಸುಮ್ಮನಾಗ್ತೀನಿ.

ಐದು ನಿಮಿಷವನ್ನು ಇಷ್ಟುದ್ದ ಎಳೆದರೂ ಇಳಿಸದೆ ಕೇಳಿದ ತಮಗೆಲ್ಲರಿಗೂ ಮನೆಯವರ ಪರವಾಗಿ ವಂದನೆಗಳು. ನಮಸ್ಕಾರ.