ರೆಕ್ಕೆಯ ಮೂಲೆಗೊಂದು ಫೂಲ್

ಇಂದಿನ ಸಭೆಯ ಅಧ್ಯಕ್ಷತೆ ವಹಿಸಿರುವ, ನನಗೆ ಮೂರನೆಯ ಇಯತ್ತೆಯಲ್ಲಿ ಮಗ್ಗಿ ಕಲಿಸಿದ ಈಶಪ್ಪ ಮಾಸ್ತರರೇ, ಮುಖ್ಯ ಅತಿಥಿಗಳಾಗಿ ಪುಣೆಯಿಂದ ದಯಮಾಡಿಸಿರುವ ನಿವೃತ್ತ ವಿಂಗ್ ಕಮಾಂಡರ್ ಸಾಹೇಬರೇ, ಇಂದು ನಾವೆಲ್ಲ ಸೇರಿ ಸನ್ಮಾನಿಸುತ್ತಿರುವ ಶ್ರೀಮತಿ ಖತೀಜಾಬಿ ಸಿದ್ದಿಯವರೇ, ತಾಯಿಯನ್ನು ಕರೆದೊಯ್ಯಲೆಂದೇ ದಾಂಡೇಲಿಯಿಂದ ಬಂದಿರುವ ಅವರ ಮಗಳು ಅಸ್ಮಾ ಅವರೇ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳ ಬಂಧುಗಳೇ, ಕುರ್ಚಿ ಸಾಲದೆ ವಿಮಾನದ ಹೊಟ್ಟೆಯ ಕೆಳಗೆ ಚಾಪೆ ಹಾಸಿ ಕೂತಿರುವ ಸಭಿಕರೇ,

ನಾನು ಲುಯಿಸ್ ಸಿದ್ದಿ. ವಾಯುಸೇನೆಯಲ್ಲಿ ವಿಮಾನದ ಮೈ ದುರಸ್ತಿ ಮಾಡುತ್ತಿದ್ದವನು. ಎಂಜಿನ್ನು ಬೇರೆಯವರ ಪಾಲಿಗೆ. ಮೈ, ರೆಕ್ಕೆ, ಬಾಲ ನನ್ನ ಪಾಲಿಗೆ. ಮಾತು ನನ್ನ ಕಸುಬಲ್ಲ. ಮೈಕಿನ ಹತ್ತಿರ ಬರುವಾಗಲೇ ಮಾಸ್ತರರು ಕಿವಿಯಲ್ಲಿ ಹೇಳಿದ್ದಾರೆ, "ಜಲ್ದಿ ಮುಗಸೋ ಲುಯಿಸಾ, ಅನ್ನ ಆರ್ತೈತಿ." ಅವರ ಮಾತು ಮೀರುವುದು ನನ್ನಿಂದಾಗದು. ಆದರೂ ಸ್ವಲ್ಪ ಮೀರುತ್ತೇನೆ.

ಅತ್ತಿವೇರಿಯ ದಾರಿಯಲ್ಲಿ, ಭತ್ತದ ಗದ್ದೆಯ ನಡುವೆ, ಈ ತಗಡಿನ ಶೆಡ್ಡಿನಲ್ಲಿ ಸೇನೆಯ ಮೂರು ಹಳೆಯ ವಿಮಾನಗಳು ನಿಂತಿವೆ. ಇಂದಿನಿಂದ ಯಾರು ಬೇಕಾದರೂ ಬಂದು ನೋಡಬಹುದು. ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಯಾಕೆ? ಹಾರದ ವಿಮಾನ ಯಾಕೆ? ಪಿಂಚಣಿ ಬಂದ ಮನುಷ್ಯ ಎಮ್ಮೆ ಕಟ್ಟುತ್ತಾನೆ, ಬೋರು ಕೊರೆಸುತ್ತಾನೆ. ನೀನು ಯಾಕೆ ಗುಜರಿ ತಂದೆ? ಇಷ್ಟು ವರ್ಷ ನಾನು ಕೊಟ್ಟ ಉತ್ತರ, ಇತಿಹಾಸ ಉಳಿಸಬೇಕು ಎಂಬುದು. ಅದು ಸುಳ್ಳಲ್ಲ. ವಿಮಾನದ ಸೀಟು ಎಂದರೆ ಯಾರೋ ಎಂದೋ ಪ್ರಾಣ ಒಪ್ಪಿಸಿ ಹತ್ತಿ ಕೂತ ಜಾಗ. ಅದನ್ನು ಕೊಡಲಿಯಿಂದ ಕಡಿದು ತೂಕಕ್ಕೆ ಹಾಕುವುದನ್ನು ಒಮ್ಮೆ ಕಣ್ಣಾರೆ ಕಂಡೆ. ಆ ದಿನ ನನಗೆ ಊಟ ಸೇರಲಿಲ್ಲ.

ಮೊದಲು ಬಂದದ್ದು ಆ ಹಸಿರು ಬಣ್ಣದ ಕೃಷಕ್. ಫಿರಂಗಿ ಗುಂಡು ಎಲ್ಲಿ ಬಿತ್ತು ಎಂದು ಮೇಲಿನಿಂದ ನೋಡಿ ಹೇಳುವ ವಿಮಾನ. ಒಂದು ಎಂಜಿನಿಯರಿಂಗ್ ಕಾಲೇಜಿನ ಹಿತ್ತಲಿನಲ್ಲಿ ಬಿದ್ದಿತ್ತು, ಒಳಗೆ ಇರುವೆ ಗೂಡು ಕಟ್ಟಿತ್ತು. ಬಿಚ್ಚಿ ಲಾರಿಗೆ ಹಾಕಿ ತರುವಾಗ ಹಳಿಯಾಳದ ಈಚೆ ಅರಣ್ಯ ನಾಕಾದಲ್ಲಿ ತಡೆದರು. ತಾಡಪತ್ರಿ ಎತ್ತಿ ನೋಡಿದ ಗಾರ್ಡು, "ಕಟ್ಟಿಗಿ ಐತಲ್ರೀ ಒಳಗ. ಪಾಸ್ ಎಲ್ಲೈತಿ?" ಎಂದ. ನಾನು ಇದು ವಿಮಾನದ ರೆಕ್ಕೆ ಎಂದೆ. "ರೆಕ್ಕಿ ಆದ್ರ ಆಗ್ಲಿ, ಯಾವ ಜಾತಿ ಮರ ಹೇಳ್ರಿ" ಎಂದ! ಅವನ ಕರ್ತವ್ಯ ಅವನು ಮಾಡಿದ. ಸಂಜೆಯವರೆಗೆ ಕೃಷಕ್ ವಿಮಾನ ಸಾಗವಾನಿ ತುಂಡುಗಳ ಪಕ್ಕದಲ್ಲಿ ಕಾದು ಕೂತಿತ್ತು.

ರೆಕ್ಕೆಯ ಒಳಗಿನ ಕಟ್ಟಿಗೆಯ ಎಲುಬುಗಳನ್ನು ಕುಂಬಾರವಾಡದ ಬಡಗಿ ಅಂಕುಶ ಸರಿ ಮಾಡಿದ. ಅವನ ಊರಿಗೆ ಬಸ್ಸು ಬಂದ ದಿನ ನಮ್ಮಲ್ಲಿ ಕೆಲಸ, ಬರದ ದಿನ ರಜೆ. ಆಮೇಲೆ ಬಟ್ಟೆಯ ಕೆಲಸ ಬಂತು. ಆ ಕಾಲದ ವಿಮಾನಗಳ ರೆಕ್ಕೆಗೆ ತಗಡಿಲ್ಲ, ಬಟ್ಟೆ. ದಿಂಬಿಗೆ ಗವಸು ಹಾಕಿದಂತೆ ರೆಕ್ಕೆಗೆ ಬಟ್ಟೆ ತೊಡಿಸಿ, ಪ್ರತಿ ಎಲುಬಿಗೂ ಮೇಣದ ದಾರದಿಂದ ಹೊಲಿದು ಗಂಟು ಹಾಕಬೇಕು. ಅದು ಕೈಹೊಲಿಗೆಯೇ ಆಗಬೇಕು, ಒಬ್ಬರಿಂದ ಆಗುವುದೂ ಇಲ್ಲ. ಯಾರನ್ನು ಕರೆಯಲಿ? ನಮ್ಮ ಊರಲ್ಲಿ ಹಳೆಯ ಬಟ್ಟೆ ಜೋಡಿಸಿ ಹೊದೆಯುವ ಕೌದಿ ಹೊಲಿಯದ ಮನೆ ಇಲ್ಲ. ಹತ್ತು ಮನೆಗಳಲ್ಲಿ ಹತ್ತು ಜನ ಒಳ್ಳೆಯ ಕೈಯವರು ಇದ್ದರು. ನಾನು ಖತೀಜಾಬಿಯವರ ಮನೆಗೇ ಹೋದೆ. ಅವರ ಮನೆ ಹತ್ತಿರ ಇತ್ತು. ಹತ್ತಿರ ಎಂದರೆ, ಊರಿನ ಆ ತುದಿಗಿತ್ತು. ಇರಲಿ.

ನಾವಿಬ್ಬರೂ ಒಂದೇ ಊರಲ್ಲಿ ಬೆಳೆದವರು. ಒಟ್ಟಿಗೆ ದನ ಕಾಯ್ದವರು. ಅವರ ಮದುವೆ ಆದ ವರ್ಷವೇ ನಾನು ವಾಯುಸೇನೆಗೆ ಸೇರಿದೆ. ಎರಡಕ್ಕೂ ಸಂಬಂಧವಿಲ್ಲ, ದಯವಿಟ್ಟು ಯಾರೂ ಸಂಬಂಧ ಹಚ್ಚಬಾರದು. ಅವರ ಯಜಮಾನರು ಲಾರಿ ಓಡಿಸುತ್ತಿದ್ದರು, ಒಳ್ಳೆಯ ಮನುಷ್ಯರು. ನಾನು ನಿವೃತ್ತನಾಗಿ ಬರುವ ಮೊದಲೇ ತೀರಿಹೋಗಿದ್ದರು. ನಾನು ಮದುವೆಯಾಗಲಿಲ್ಲ. ವರ್ಗಾವಣೆ ಜಾಸ್ತಿ. ನಮ್ಮವ್ವ ಬದುಕಿರುವತನಕ ಕೇಳಿದಳು, "ಎಲ್ಲಾರಿಗೂ ವರ್ಗ ಆಕ್ಕೈತಿ, ಎಲ್ಲಾರೂ ಲಗ್ನಾ ಆಗ್ತಾರ, ನಿಂದೇನೋ ಬ್ಯಾರೆ?" ಎಂದು. ಆಕೆಗೆ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ.

ಎಲ್ಲಿದ್ದೆ? ಹೊಲಿಗೆ. ರೆಕ್ಕೆಯನ್ನು ಅಡ್ಡ ಮಲಗಿಸಿ ಹೊಲಿಯಲು ಬರುವುದಿಲ್ಲ. ಗೋಡೆಯಂತೆ ನೆಟ್ಟಗೆ ನಿಲ್ಲಿಸಬೇಕು. ಈ ಕಡೆ ಒಬ್ಬರು, ಆ ಕಡೆ ಒಬ್ಬರು. ನಾನು ಈ ಕಡೆಯಿಂದ ಗೇಣುದ್ದದ ಸೂಜಿ ಚುಚ್ಚಿದರೆ ಅದು ಎಲುಬಿನ ಪಕ್ಕದಲ್ಲೇ ಹಾದು ಆ ಕಡೆಗೆ ಹೋಗುತ್ತದೆ. ಅಲ್ಲಿಂದ ಆಕೆ ಎಳೆದು, ಎಲುಬಿನ ಇನ್ನೊಂದು ಪಕ್ಕದಿಂದ ನನ್ನ ಕಡೆಗೆ ಕಳಿಸುತ್ತಾರೆ. ಹೀಗೆ ದಿನವಿಡೀ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಮುಂಜಾನೆ ಬಿಸಿಲು ಆ ಬಾಗಿಲಿನಿಂದ ಬಿದ್ದಾಗ ಮಾತ್ರ, ಇನ್ನೂ ಬಣ್ಣ ಹಚ್ಚದ ಬಿಳಿ ಬಟ್ಟೆಯ ಮೇಲೆ ಆಕೆಯ ಕೈಯ ನೆರಳು ಕಾಣುತ್ತಿತ್ತು. ಸೂಜಿಯ ತುದಿ ಎಲ್ಲಿ ಹೊರಬರುತ್ತದೆಂದು ನಾನು ಆ ನೆರಳು ನೋಡಿಯೇ ತಿಳಿಯುತ್ತಿದ್ದೆ. ಸಂಜೆ ಕೆಲಸ ನಿಲ್ಲಿಸಿದಾಗ ಸೂಜಿ ಯಾರ ಕಡೆ ಉಳಿಯುತ್ತದೋ ಅವರೇ ಮರುದಿನ ಮೊದಲ ಹೊಲಿಗೆ ಹಾಕಬೇಕು. ಇದು ನಾವು ಮಾಡಿಕೊಂಡ ಕಾಯಿದೆ. ಆದ್ದರಿಂದ ಸೂಜಿ ಇದ್ದವರು ಮರುದಿನ ತಪ್ಪಿಸುವಂತಿರಲಿಲ್ಲ. ಹೆಚ್ಚಿನ ಸಂಜೆ ಆಕೆಯೇ ಅದನ್ನು ಕೇಳಿ ಇಟ್ಟುಕೊಳ್ಳುತ್ತಿದ್ದರು.

ನನ್ನನ್ನು ಆಕೆ ಫೌಜಿ ಎನ್ನುತ್ತಾರೆ. ಉಳಿದ ಗಂಡಸರೆಲ್ಲ ಆಕೆಗೆ ಭಾಯ್, ಅಣ್ಣತಮ್ಮಂದಿರು. ಅಂಕುಶ ಭಾಯ್, ಇಗೋ ಈ ಮೈಕು ನೋಡಿಕೊಳ್ಳುತ್ತಿರುವ, ಶೆಡ್ಡಿನಲ್ಲಿ ನನಗೆ ನೆರವಾಗುವ ಮಲ್ಲೇಶನೂ ಭಾಯ್. ಈಶಪ್ಪ ಮಾಸ್ತರರು ಕೂಡ ಮಾಸ್ತರ್‌ಭಾಯ್. ನನ್ನೊಬ್ಬನನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ಭಾಯ್ ಎಂದಿಲ್ಲ. ನಾನು ಗಮನಿಸಿದ್ದೇನೆ ಎಂದಲ್ಲ, ಸುಮ್ಮನೆ ಹೇಳಿದೆ.

ಇನ್ನು ಫೂಲ್ ವಿಷಯ. ನಮ್ಮ ಕೌದಿ ಬಲ್ಲವರಿಗೆ ಇದು ಗೊತ್ತು. ಕೌದಿ ಪೂರ್ತಿ ಹೊಲಿದಾದ ಮೇಲೆ ಕಟ್ಟಕಡೆಗೆ ನಾಲ್ಕೂ ಮೂಲೆಗೆ ಬಟ್ಟೆಯ ತುಣುಕು ಮಡಚಿ ಒಂದೊಂದು ಹೂವು ಇಡುತ್ತಾರೆ. ಅದೇ ಫೂಲ್. ಅದಿಲ್ಲದ ಕೌದಿ ಬತ್ತಲೆ ಎಂದೇ ಲೆಕ್ಕ. ನಾನು ಸೇನೆಗೆ ಹೊರಟ ದಿನ ನಮ್ಮವ್ವನ ಕೌದಿಗೆ ಒಂದು ಮೂಲೆ ಬಾಕಿ ಇತ್ತು. ಹುಬ್ಬಳ್ಳಿ ಬಸ್ಸು ಬಂದು ನಿಂತು ಹಾರ್ನ್ ಹೊಡೆಯುತ್ತಿದ್ದರೂ ಕೂತು ಹೊಲಿದಳು. "ಫೂಲ್ ಬಾಕಿ ಇಟ್ಟು ಕೌದಿನೂ ಮನಿ ಬಿಡಬಾರ್ದು, ಹೊಲಿದಾಕಿನೂ ಊರು ಬಿಡಬಾರ್ದು" ಎಂಬುದು ಆಕೆಯ ನೇಮ. ಕಂಡಕ್ಟರನಿಗೂ ಅದನ್ನೇ ಹೇಳಿದಳು.

ಕೃಷಕ್‌ನ ರೆಕ್ಕೆ ಮುಗಿದು ಬಣ್ಣ ಒಣಗಿದ ಮೇಲೆ ನೋಡುತ್ತೇನೆ, ನಾಲ್ಕು ಮೂಲೆಗೂ ಫೂಲ್! ಸೇನೆಯ ವಿಮಾನಕ್ಕೆ! ನಾನು ಕೈಪಿಡಿ ತೆಗೆದು ತೋರಿಸಿದೆ. ಆಕೆ ಕೈಪಿಡಿಯ ಕಡೆ ನೋಡಲೂ ಇಲ್ಲ. "ಬೆತ್ತಲೆ ನಿಲ್ಲಸ್ತೀರೇನ್ ಫೌಜಿ ಅದನ್ನ? ನಾ ಹೊಲಿದದ್ದು ಹಂಗ ನಿಂತ್ರ ನನ್ನ ಹೆಸರು ಕೆಡ್ತೈತಿ" ಎಂದರು. ವಿಂಗ್ ಕಮಾಂಡರ್ ಸಾಹೇಬರು ಆ ವರ್ಷ ನೋಡಲು ಬಂದವರು ಮೂಲೆಗೆ ಬೆರಳಿಟ್ಟು ಇದೇನು ಸಾರ್ಜೆಂಟ್ ಎಂದು ಕೇಳಿದ್ದರು. ಬಟ್ಟೆ ಹರಿಯದಿರಲೆಂದು ಹಚ್ಚಿದ ಬಲಪಟ್ಟಿ ಸರ್ ಎಂದಿದ್ದೆ. ಸಾಹೇಬರೇ, ಅದು ಬಲಪಟ್ಟಿಯಲ್ಲ. ಫೂಲ್. ನೀವು ಈಗ ನಗುತ್ತಿರುವುದರಿಂದ ಕ್ಷಮಿಸಿದ್ದೀರೆಂದು ತಿಳಿಯುತ್ತೇನೆ.

ಎರಡನೆಯದು ಈ ಕಿರಣ್ ಜೆಟ್. ನಾನೇ ಸರ್ವಿಸಿನಲ್ಲಿ ಕೈಯಾಡಿಸಿದ ಜಾತಿಯ ವಿಮಾನ, ಹರಾಜಿನಲ್ಲಿ ಸಿಕ್ಕಾಗ ಕುಣಿದಾಡಿದೆ. ತಂದು ಇಳಿಸಿದ ಮೇಲೆ ತಲೆಗೆ ಬಂತು. ಇದು ಪೂರ್ತಿ ತಗಡು! ಒಂದು ಗೇಣು ಬಟ್ಟೆ ಇಲ್ಲ. ಒಂದು ಹೊಲಿಗೆ ಇಲ್ಲ. ಇಡೀ ಎರಡು ವರ್ಷ ನಾನು, ಮಲ್ಲೇಶ, ರಿವೆಟ್ಟಿನ ಸದ್ದು, ಅಷ್ಟೇ. ಖತೀಜಾಬಿ ಗದ್ದೆ ಕೆಲಸಕ್ಕೆ ಹೋಗುವಾಗ ದೂರದಿಂದ, "ತಗಡಿನ ಕೆಲಸ ಹೆಂಗ ನಡದೈತ್ರೀ?" ಎಂದು ಕೇಳಿ ಹೋಗುತ್ತಿದ್ದರು. ಚಲೋ ನಡದೈತಿ ಎನ್ನುತ್ತಿದ್ದೆ. ಚಲೋ ನಡೆದಿರಲಿಲ್ಲ. ಶೆಡ್ಡಿಗೆ ಬರುವುದಕ್ಕೇ ಮನಸ್ಸಾಗುತ್ತಿರಲಿಲ್ಲ.

ಆಗ ನಾನು ಬಟ್ಟೆಯ ವಿಮಾನ ಹುಡುಕಲು ಹೊರಟೆ. ದೇಶದಲ್ಲಿ ಎಲ್ಲೆಲ್ಲಿ ಕೇಳಲಿಲ್ಲ? ಕೊನೆಗೆ ಒಂದು ಹಳೆಯ ಫ್ಲೈಯಿಂಗ್ ಕ್ಲಬ್ಬಿನ ಗೋದಾಮಿನಲ್ಲಿ ನನ್ನ ಹಿಂದೆ ನಿಂತಿರುವ ಈ ಟೈಗರ್ ಮಾತ್ ಸಿಕ್ಕಿತು. ನಮ್ಮ ವಾಯುಸೇನೆಯ ಹಳೆಯ ತಲೆಮಾರಿನವರು ಹಾರಲು ಕಲಿತದ್ದು ಇಂಥದರಲ್ಲೇ. ಇದಕ್ಕೆ ಒಂದೊಂದು ಪಕ್ಕಕ್ಕೂ ಎರಡೆರಡು ರೆಕ್ಕೆ, ಒಂದರ ಮೇಲೊಂದು. ಎಂದರೆ ಹೊಲಿಗೆಯೂ ಎರಡು ಪಟ್ಟು. ಇದನ್ನೇ ಯಾಕೆ ಆರಿಸಿದೆ ಎಂದು ಸಭಿಕರು ಕೇಳಬಾರದು.

ಇಷ್ಟು ವರ್ಷ ಹಿಡಿಯಿತೇ ಎಂದು ಕೆಲವರು ಆಡಿಕೊಂಡಿದ್ದಾರೆ. ಹಿಡಿಯಿತು. ನೆಟ್ಟಗಿದ್ದ ಸಾಲನ್ನೇ ಸೊಟ್ಟಗಿದೆ ಎಂದು ನಾನು ಬಿಚ್ಚಿಸುತ್ತಿದ್ದೆ. ನಾನು ಬಿಚ್ಚಿಸದಿದ್ದರೆ ಆಕೆ ಬಿಚ್ಚುತ್ತಿದ್ದರು. ಒಮ್ಮೆ ಆ ಕಡೆಯಿಂದ ಧ್ವನಿ ಬಂತು, "ಇದನ್ನ ಹಾರಸ್ತೀರೇನ್ ಫೌಜಿ?" ಇಲ್ಲ ಎಂದೆ. "ಮತ್ತ ಇಷ್ಟು ಚಂದ ಹೊಲಿಯೂದು ಯಾರ ಸಲುವಾಗಿ?" ನಾನು ಸೂಜಿ ಹಿಡಿದು ನಿಂತೇ ಇದ್ದೆ. ಉತ್ತರ ಬಾಯಿಯ ತನಕ ಬಂದಿತ್ತು. ಆಕೆಯ ನೆರಳು ಕೂಡ ಕೈ ನಿಲ್ಲಿಸಿ ಕಾಯುತ್ತಿತ್ತು. ನಾನು ಸೂಜಿ ಚುಚ್ಚಿದೆ, ಆಕೆ ಎಳೆದುಕೊಂಡರು, ಆ ಮಾತು ಅಲ್ಲಿಗೇ ಉಳಿಯಿತು.

ನೀರು. ಸ್ವಲ್ಪ ನೀರು ಕೊಡಪ್ಪ ಮಲ್ಲೇಶ.

ಅಸ್ಮಾ ಅವರು ತಾಯಿಯನ್ನು ದಾಂಡೇಲಿಗೆ ಕರೆಯುತ್ತ ಬಂದು ವರ್ಷಗಳಾದವು. ಪ್ರೀತಿಯ ಮಗಳು, ಮೊಮ್ಮಕ್ಕಳಿದ್ದಾರೆ, ಕರೆಯುವುದು ನ್ಯಾಯ. ಪ್ರತಿ ಸಲವೂ ಖತೀಜಾಬಿ ಕೊಟ್ಟ ಉತ್ತರ, "ಕೈಯಾಗಿನ ಕೆಲಸ ಮುಗೀಲಿ ಬೇಟಿ, ಬರ್ತೇನಿ." ಈಗ ಮುಗಿದಿದೆ. ನಾಳೆ ಮುಂಜಾನೆಯ ಬಸ್ಸಿಗೆ ತಾಯಿ ಮಗಳು ಹೊರಡುತ್ತಾರೆ. ಸಂತೋಷದ ವಿಷಯ. ನಾವೆಲ್ಲರೂ ಸಂತೋಷಪಡಬೇಕು. ನಾನೂ ಪಡುತ್ತೇನೆ. ನಾಳೆಯಿಂದ ಈ ಶೆಡ್ಡಿಗೆ ಶಾಲೆಯ ಮಕ್ಕಳು ಬರುತ್ತಾರೆ, ಪ್ರವಾಸಿಗಳು ಬರುತ್ತಾರೆ. ಜನ ತುಂಬಿರುತ್ತಾರೆ. ರೆಕ್ಕೆಯ ಆ ಕಡೆ ಮಾತ್ರ ಯಾರೂ ಇರುವುದಿಲ್ಲ.

ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಆಕೆಯ ಕೆಲಸವನ್ನೇ ನಿಮಗೆ ತೋರಿಸದಿದ್ದರೆ ಸನ್ಮಾನ ಪೂರ್ತಿಯಾದಂತಲ್ಲ. ಮಲ್ಲೇಶ, ಮೈಕಿನ ವಯರು ಇಲ್ಲಿತನಕ ಬರ್ತದೇನೋ? ಬಂತು. ನೋಡಿ, ಕೆಳಗಿನ ಎಡ ರೆಕ್ಕೆ ಇದು. ಕಟ್ಟಕಡೆಗೆ ಮುಗಿದದ್ದು. ನಿನ್ನೆ ನಾನು ಸಾಹೇಬರನ್ನು ಕರೆತರಲು ಹುಬ್ಬಳ್ಳಿಗೆ ಹೋಗಿದ್ದಾಗ ಆಕೆ ಒಬ್ಬರೇ ಬಂದು ಇದಕ್ಕೆ ಫೂಲ್ ಹಾಕಿ ಹೋದರಂತೆ. ಹೋಗುವಾಗ ಸೂಜಿಯನ್ನು ಮಲ್ಲೇಶನ ಕೈಗೆ ಕೊಟ್ಟು, "ಫೌಜಿಗೆ ಕೊಡು. ಸೂಜಿ ಅವರ ಕಡೆ ಇರ್ಲಿ" ಎಂದರಂತೆ. ನೆನಪಿಗೆಂದು ಕೊಟ್ಟರು ಎಂದುಕೊಂಡು ಕೋಟಿನ ಕಾಲರಿಗೆ ಚುಚ್ಚಿಕೊಂಡಿದ್ದೇನೆ. ಇಲ್ಲಿದೆ.

ಇದು ಮುಂದಿನ ಮೂಲೆ. ಕೆಂಪು ಫೂಲ್, ಎಷ್ಟು ಚಂದ ಮಡಚಿದ್ದಾರೆ ನೋಡಿ. ಇದು ಹಿಂದಿನ ಮೂಲೆ, ಹಳದಿ. ಈ ತುದಿಗೆ ಬಂದರೆ ಇಲ್ಲಿ ನೀಲಿ. ಇನ್ನು ಇಲ್ಲಿ...

ಇಲ್ಲಿ ಇಲ್ಲ.

ತಡೆಯಿರಿ, ಕನ್ನಡಕ ಹಾಕಿಕೊಳ್ಳುತ್ತೇನೆ. ಇಲ್ಲ. ಬಿದ್ದುಹೋದ ಗುರುತೂ ಇಲ್ಲ. ದಾರ ಹಾಯ್ದ ತೂತೂ ಇಲ್ಲ. ಹಾಕಿಯೇ ಇಲ್ಲ.

ಸಭಿಕರೇ, ಈಕೆ ಜನ್ಮದಲ್ಲಿ ಫೂಲ್ ಮರೆತವರಲ್ಲ. ಮೂರು ಹಾಕಿದ ಕೈ ನಾಲ್ಕನೆಯದನ್ನು ಮರೆಯುತ್ತದೆಯೇ? ಸೂಜಿಯನ್ನು ಕೇಳಿ ಕೇಳಿ ಇಟ್ಟುಕೊಳ್ಳುತ್ತಿದ್ದವರು ಅದನ್ನು ನನ್ನ ಕಡೆ ಬಿಟ್ಟು ಹೋಗುತ್ತಾರೆಯೇ? ಸೂಜಿ ಯಾರ ಕಡೆ ಇದೆಯೋ...

ಖತೀಜಾ. ಸೆರಗು ತಗೀ ಮುಖದ ಮ್ಯಾಲಿಂದ. ನಗಾಕತ್ತೀಯೋ ಅಳಾಕತ್ತೀಯೋ ನನಗ ಇಲ್ಲಿಂದ ಕಾಣ್ವಲ್ದು.

ಕ್ಷಮಿಸಿ. ಸಭೆಯಲ್ಲಿ ಏಕವಚನ ಬಂತು. ಮಾಸ್ತರರೇ, ಗಂಟೆ ಬಾರಿಸಬೇಡಿ, ಮುಗಿಸಿದೆ.

ಅಸ್ಮಾ ಅವರೇ, ತಾಯಿ ನಿಮಗೆ ಕೊಟ್ಟ ಮಾತು ನಾನು ಬಲ್ಲೆ. ನಮ್ಮವ್ವನ ನೇಮ ನಿಮ್ಮ ತಾಯಿ ಬಲ್ಲರು. ಫೂಲ್ ಬಾಕಿ ಇದೆ. ಕೆಲಸ ಮುಗಿದಿಲ್ಲ. ನಾಳೆಯ ಬಸ್ಸಿನ ಮಾತನ್ನು ನೀವು ಊಟದ ನಂತರ ಅವರನ್ನೇ ಕೇಳಿ. ಆ ಒಂದು ಮೂಲೆಗೆ ಎಷ್ಟು ದಿನ ಬೇಕು ಎಂದು ನನ್ನನ್ನು ಕೇಳಿದರೆ, ನಾನು ಬಹಳ ನಿಧಾನದ ಮನುಷ್ಯ.

ನನ್ನ ಈ ಅಡ್ಡಾದಿಡ್ಡಿ ಮಾತನ್ನು ಅನ್ನ ಆರಲು ಬಿಟ್ಟು ಕೇಳಿದ ಅಧ್ಯಕ್ಷರಿಗೆ, ಬಲಪಟ್ಟಿಯ ಸುಳ್ಳಿಗೆ ನಕ್ಕ ಸಾಹೇಬರಿಗೆ, ಅಂಕುಶನಿಗೆ, ಮಲ್ಲೇಶನಿಗೆ, ದೂರದಿಂದ ಬಂದ ನಿಮ್ಮೆಲ್ಲರಿಗೆ ಕೈಮುಗಿದು ವಂದಿಸುತ್ತೇನೆ. ಅವತ್ತು ರೆಕ್ಕೆಯ ಆ ಕಡೆಯಿಂದ ಬಂದ ಪ್ರಶ್ನೆಗೆ ಉತ್ತರ ಕೊಡುವುದು ಬಾಕಿ ಇದೆ. ಅದನ್ನು ಮೈಕು ಬಂದ್ ಮಾಡಿದ ಮೇಲೆ ಕೊಡುತ್ತೇನೆ.

ಸೂಜಿ ನನ್ನ ಕಡೆ ಐತಿ, ಖತೀಜಾ. ನಾಳೆ ಮುಂಜಾನೆ ಮೊದಲನೇ ಹೊಲಿಗಿ ನಂದು.

ಎಲ್ಲರಿಗೂ ನಮಸ್ಕಾರ.