ಮೂಲೆ ಬಾವುಟದ ಕೆಳಗಿನ ಬಾವಿ

ಲಾಟೀನಿನ ಬತ್ತಿ ಸ್ವಲ್ಪ ಇಳಿಸಿ... ಹಾಂ, ಅಷ್ಟು ಸಾಕು. ಇದು ನಮ್ಮ ಅಜ್ಜಿಯ ಅಣ್ಣ ಸಾಂತಪ್ಪನಿಗೆ ಆದದ್ದು. ಕಟ್ಟುಕತೆ ಅಂತ ನಗುವವರಿದ್ದರೆ ಈಗಲೇ ಎದ್ದು ಹೋಗಿ ಮಲಗಿಬಿಡಿ.

ಬಿಳಿ ದೊರೆಗಳ ಕಾಲ. ಸಾಂತಪ್ಪ ಶ್ರೀಮಂಗಲದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದ. ಒಂದು ರಾತ್ರಿ ಗೋಣಿಕೊಪ್ಪಲಿನ ಸಂತೆ ಮುಗಿಸಿಕೊಂಡು ಒಬ್ಬನೇ ಮನೆಗೆ ನಡೆದು ಬರುತ್ತಿದ್ದ. ದಾರಿ ದೊರೆಗಳ ಫುಟ್‌ಬಾಲ್ ಕ್ಲಬ್ಬಿನ ಮೈದಾನದ ಅಂಚಿನಲ್ಲೇ ಹೋಗುತ್ತದೆ. ಮಳೆಗಾಲ ಆಗಷ್ಟೇ ಕಳೆದಿತ್ತು. ಜೀರುಂಡೆಗಳು ಕಿವಿ ತೂತಾಗುವ ಹಾಗೆ ಅರಚುತ್ತಿದ್ದವು. ಮೈದಾನದ ಮೂಲೆಗೆ ಬಂದ... ಜೀರುಂಡೆಗಳು ಗಪ್ಪನೆ ನಿಂತವು.

"ಸಾಂತಪ್ಪಣ್ಣಾ..."

ದನಿ ಬಂದದ್ದು ನೆಲದೊಳಗಿಂದ. ಖಾಲಿ ಹಂಡೆಯೊಳಗೆ ತಲೆ ಹಾಕಿ ಕೂಗಿದ ಹಾಗೆ.

ಸಾಂತಪ್ಪ ನಿಂತ. ಓಗೊಡಲಿಲ್ಲ. ಸ್ವಲ್ಪ ಹೊತ್ತು ಏನಿಲ್ಲ... ಮತ್ತೆ "ಸಾಂತಪ್ಪಣ್ಣಾ..." ಅದರ ಬೆನ್ನಿಗೇ ಸರ್ರನೆ ಮಣ್ಣು ಜಾರುವ ಸದ್ದು. ಪತ್... ಪತ್... ಅಂತ ಹೆಂಟೆ ಬೀಳುವ ಸದ್ದು. ಮೂರನೆಯ ಕೂಗು ಬರಲಿಲ್ಲ.

ಆ ಮೂಲೆಯಲ್ಲಿ ಹಿಂದೆ ಒಂದು ಬಾವಿ ಇತ್ತು. ಅದನ್ನು ಮುಚ್ಚಿಸಿದವನು ಇದೇ ಸಾಂತಪ್ಪ. ಕೂಗಿದವನು ಯಾರೆಂಬುದೂ ಅವನಿಗೆ ಗೊತ್ತಿತ್ತು.

ಮೊದಲು ಆ ಮೈದಾನ ಬರೀ ದನ ಮೇಯುವ ಬಾಣೆ. ದೊರೆಗಳು ಎರಡು ಕಡೆ ಬಿದಿರಿನ ಕಂಬ ನೆಟ್ಟು, ಬೂಟು ಹಾಕಿಕೊಂಡು ಚರ್ಮದ ಚೆಂಡಿನ ಹಿಂದೆ ಏದುಸಿರು ಬಿಡುತ್ತ ಓಡುತ್ತಿದ್ದರು. ಕೂಲಿಯಾಳುಗಳ ಲೈನಿನ ಹೆಂಗಸರು ಮೂಲೆಯ ಬಾವಿಯಲ್ಲಿ ನೀರು ಸೇದುತ್ತ, ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು. ಚೆಂಡು ಬಾವಿಗೆ ಬಿದ್ದರೆ ಇಳಿಯುವವನು ಲೈನಿನ ಆಳು ಚಿನ್ನ. ಗೋಡೆಯಲ್ಲಿ ಕೊರೆದ ಗೂಡುಗಳಲ್ಲಿ ಕಾಲಿಟ್ಟು ಉಡದ ಹಾಗೆ ಸರಸರ ಇಳಿದು ಹತ್ತಿ ಬರುತ್ತಿದ್ದ.

ಆಮೇಲೆ ಕ್ಲಬ್ಬಿಗೆ ದೊಡ್ಡಸ್ತಿಕೆ ಬಂತು. ಮಡಿಕೇರಿಯ ತಂಡ ಕಪ್ಪಿಗಾಗಿ ಆಡಲು ಬರುತ್ತದೆ, ಮೈದಾನ ಅಗಲ ಆಗಬೇಕು, ಮೇಮ್‌ಸಾಹೇಬರು ಕೂರಲು ತಗಡಿನ ಮಾಡಿನ ಗ್ಯಾಲರಿ ಏಳಬೇಕು ಅಂದರು. ಲೈನಿಗೆ ಬೇರೆ ಬಾವಿ ತೋಡಿಸಿದರು. ಹಳೆಯದನ್ನು ಮಳೆಗೆ ಮುಂಚೆ ಮುಚ್ಚಬೇಕೆಂದು ಸಾಂತಪ್ಪನಿಗೆ ಹುಕುಂ ಆಯಿತು.

ಆವತ್ತು ಹಗಲಿಡೀ ಪಕ್ಕದ ದಿಬ್ಬದ ಬರೆ ಕಡಿದು ಬಾವಿಯ ದಂಡೆಯಲ್ಲಿ ಗುಡ್ಡೆಗುಡ್ಡೆ ಮಣ್ಣು ಸುರಿದಿದ್ದರು. ಇನ್ನು ನೂಕುವುದೊಂದೇ ಬಾಕಿ. ಆಳುಗಳು ಕಾಫಿ ಕುಡಿದು ಬಂದು ಗುದ್ದಲಿ ಹಿಡಿದಾಗ ಮುಸ್ಸಂಜೆ. ಆಗ ಬಾವಿಯೊಳಗಿಂದ ಕೇಳಿತು... "ಸಾಂತಪ್ಪಣ್ಣಾ..."

ಸಾಂತಪ್ಪನ ಮನೆತನದಲ್ಲಿ ಒಂದು ಕಟ್ಟು. ಮುಸ್ಸಂಜೆಯ ಮೇಲೆ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೆಯ ಕೂಗಿನ ತನಕ ತುಟಿ ಬಿಚ್ಚುವ ಹಾಗಿಲ್ಲ. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ಅದು ಕರೆಯುವುದಿಲ್ಲ... ಹಾಲು ಕುಡಿಯುವ ವಯಸ್ಸಿನಿಂದ ಕೇಳಿದ ಮಾತು. ಅವನು ಬಾಯಿ ಬಿಗಿಹಿಡಿದ. ಎರಡನೆಯ ಸಲ ಕೇಳಿತು. ಗುದ್ದಲಿಗಳ ಕರಕರದಲ್ಲಿ ಆಳುಗಳಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಆ ಕಡೆಯ ದಂಡೆಯಿಂದ ಆಳು ಮುತ್ತ ಕೇಳಿದ, "ನೂಕೋಣ್ವಾ ಮೇಸ್ತ್ರಿ?"

ತಾಳು ಅನ್ನಬೇಕಿತ್ತು. ಅಂದರೆ ಓಗೊಟ್ಟ ಹಾಗೆ ಆಗಿಬಿಡುತ್ತಲ್ಲ! ಸಾಂತಪ್ಪ ಸುಮ್ಮನೆ ನಿಂತ, ಮೂರನೆಯ ಕೂಗಿಗೆ ಕಾಯುತ್ತ. ಮೇಸ್ತ್ರಿ ಬೇಡ ಅನ್ನಲಿಲ್ಲ ಅಂತ ಆಳುಗಳು ನೂಕಿಯೇಬಿಟ್ಟರು. ಧಡ ಧಡ ಧಡ... ಆಮೇಲೆ ಏನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಚಿನ್ನನ ಹೆಂಡತಿ ಕಾಳಿ ಬಂದು ನಿಂತಳು. "ಮೇಸ್ತ್ರಿ, ನನ್ ಗಂಡನ್ನ ಕಂಡ್ರಾ? ಬಾವೀಲಿ ನನ್ ಬಿಂದಿಗೆ ಬಿದ್ದಿತ್ತು. ಮುಚ್ಚೋಕೆ ಮುಂಚೆ ತರ್ತೀನಿ ಅಂತ ಹೋದೋನು ಬರ್ಲೇ ಇಲ್ಲ."

ಕೂಗಿದವನು ಯಾರೆಂದು ಸಾಂತಪ್ಪನಿಗೆ ಆಗ ಹೊಳೆಯಿತು. ಆದರೂ ಬಾಯಿಂದ ಬಂದದ್ದು ಬೇರೆಯೇ ಮಾತು. "ವಯನಾಡಿನ ಕಡೆ ಓಡಿ ಹೋಗಿರ್ತಾನೆ. ನೀನು ಕೆಲಸಕ್ಕೆ ನಡಿ."

ಹೇಡಿ. ಬೇರೆ ಏನು ಹೇಳೋಣ? ನಮ್ಮವನೇ ಆದರೂ ಹೇಡಿಯೇ. ಜೈಲಿನ ಹೆದರಿಕೆ, ಮೇಸ್ತ್ರಿಕೆ ಹೋಗುವ ಹೆದರಿಕೆ. ಬಾವಿ ತುಂಬುವ ತನಕ ಮಣ್ಣು ಹಾಕಿಸಿದ, ರೋಲರ್ ಎಳೆಸಿದ, ಮೊದಲ ಮಳೆ ಬಿದ್ದ ಮೇಲೆ ಮೇಲೆಲ್ಲ ಬೇರು ಸಮೇತ ಕಿತ್ತು ತಂದ ಹುಲ್ಲಿನ ಹೆಪ್ಪಳಿಕೆ ಹಾಸಿಸಿದ, ಸರಿಯಾಗಿ ಆ ಜಾಗದಲ್ಲಿ ಮೂಲೆಯ ಬಾವುಟ ನೆಡಿಸಿದ.

ಕಾಳಿ ಮಳೆಗಾಲವಿಡೀ ಅವನ ಬೆನ್ನು ಬಿಡಲಿಲ್ಲ. "ಇದ್ದಾನೆ ಅನ್ನಿ, ಕಾಯ್ತೀನಿ. ಸತ್ತ ಅನ್ನಿ, ಅವನ ಹೆಸರಲ್ಲಿ ಒಂದು ಹಿಡಿ ಅನ್ನ ಇಡ್ತೀನಿ. ಎರಡೂ ಹೇಳ್ದೆ ಹೋದ್ರೆ ನಾನ್ ಏನಾಗಿ ಇರ್ಲಿ ಮೇಸ್ತ್ರಿ?" ಕತ್ತಿನ ಕರಿಮಣಿ ತೆಗೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಸಾಂತಪ್ಪ ಅವಳ ಮುಖ ತಪ್ಪಿಸಿ ತೋಟದ ಒಳದಾರಿಯಲ್ಲಿ ಓಡಾಡತೊಡಗಿದ.

ಸಂತೆಯಿಂದ ಬಂದ ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ. ಹೆಂಡತಿ ಯಮುನ ಕತ್ತಲಲ್ಲಿ ಪಿಸುಗುಟ್ಟಿದಳು.

"ಎಂತ ಆತ್?"

"ಚಿನ್ನ ಕರ್ದ."

"ಅವ ವಯನಾಡಿಗೆ ಹೋದಂವ ಅಲ್ಲಾ?"

ಸಾಂತಪ್ಪ ಮಗ್ಗುಲಾದ. ಅವಳಿಗೆ ಅರ್ಥವಾಗಿತ್ತು.

ಆವತ್ತಿನಿಂದ ಮೈದಾನದ ಆ ಮೂಲೆ ಕುಸಿಯತೊಡಗಿತು. ಬೆಳಿಗ್ಗೆ ನೋಡಿದರೆ ಬಾವುಟ ವಾಲಿರುತ್ತಿತ್ತು. ದೊರೆ ಬೂಟಿನಲ್ಲಿ ಹುಲ್ಲು ಒದ್ದು, "ಮೇಸ್ತ್ರಿ, ಮಣ್ಣು ಹಾಕು" ಅನ್ನುತ್ತಿದ್ದ. ಸಾಂತಪ್ಪ ಸುತ್ತ ಮಣ್ಣು ತುಂಬಿ ದಮ್ಮಸು ಹಾಕಿಸುತ್ತಿದ್ದ. ರಾತ್ರಿ ಮತ್ತೆ ಎರಡು ಕೂಗು. ಮೊದಮೊದಲು ಆಳದಿಂದ ಬರುತ್ತಿದ್ದ ದನಿ ದಿನ ಕಳೆದ ಹಾಗೆ... ಹತ್ತಿರ ಆಗುತ್ತಿತ್ತು.

ಪಂದ್ಯದ ಹಿಂದಿನ ರಾತ್ರಿ. ಗ್ಯಾಲರಿಗೆ ಕಾಗದದ ತೋರಣ ಕಟ್ಟಿಸಿ ಸಾಂತಪ್ಪ ಹೊರಟಿದ್ದ. ಗಾಳಿಗೆ ತಗಡು ಟಣ್... ಟಣ್... ಅನ್ನುತ್ತಿತ್ತು. ಮೂಲೆಯಲ್ಲಿ ಯಾರೋ ಕುಕ್ಕುರು ಕೂತಿದ್ದರು. ಲಾಟೀನು ಎತ್ತಿ ನೋಡಿದರೆ ಕಾಳಿ. ಅಂಗೈ ಹುಲ್ಲಿನ ಮೇಲೆ ಊರಿದ್ದಳು.

"ಸಾಂತಪ್ಪಣ್ಣಾ..."

ಕಾಲ ಬುಡದಲ್ಲೇ! ಹುಲ್ಲು ಅದುರಿದ್ದು ಲಾಟೀನಿನ ಬೆಳಕಿನಲ್ಲಿ ಕಂಡಿತು.

"ಕೇಳ್ತಾ?" ಕಾಳಿ ಪಿಸುಗುಟ್ಟಿದಳು.

"ಕೇಳ್ತು."

"ನನ್ನ ಕರೀತಿಲ್ಲ ಮೇಸ್ತ್ರಿ... ನಿಮ್ಮನ್ನೇ."

ಅವಳು ಅಳಲಿಲ್ಲ. ಅತ್ತಿದ್ದರೆ ಅವನು ಆವತ್ತೂ ತಪ್ಪಿಸಿಕೊಂಡು ಹೋಗುತ್ತಿದ್ದನೋ ಏನೋ. ಎರಡನೆಯ ಕೂಗು ಬಂತು. ಸಾಂತಪ್ಪ ಮೂರನೆಯದಕ್ಕೆ ಕಾಯಲಿಲ್ಲ.

"ಓ..." ಅಂದ. "ಓ ಚಿನ್ನಾ! ಬಂದೆ ಕಣೋ, ಬಂದೆ!"

ಬಾವುಟ ಕಿತ್ತೆಸೆದು ಗುದ್ದಲಿ ಹಾಕಿದ. ಅವನ ಕೂಗಿಗೆ ಮುತ್ತ, ಚೋಮ, ಲೈನಿಗೆ ಲೈನೇ ಉರಿಯುವ ಸೂಡಿ ಹಿಡಿದು ಓಡಿ ಬಂತು. ಅಗೆಯುತ್ತಲೇ ಅವನು ಎಲ್ಲರೆದುರು ಎಲ್ಲವನ್ನೂ ಹೇಳಿದ... ಆ ಮುಸ್ಸಂಜೆಯ ಕೂಗು, ಮುಚ್ಚಿದ ಬಾಯಿ, ವಯನಾಡಿನ ಸುಳ್ಳು. ಯಾರೂ ಅವನ ಮೇಲೆ ಕೈ ಎತ್ತಲಿಲ್ಲ.

ಬೆಳಗಾಗುವ ಮುಂಚೆ ಕಾಳಿ ಕರಿಮಣಿ ಹರಿದಳು. ಚಿನ್ನನನ್ನು ಲೈನಿನವರ ಮಸಣದಲ್ಲಿ ಮಣ್ಣು ಮಾಡಿ, ಬಾಳೆಲೆಯಲ್ಲಿ ಒಂದು ಹಿಡಿ ಅನ್ನ ಇಟ್ಟಳು. ಸಾಂತಪ್ಪನ ಮೇಸ್ತ್ರಿಕೆ ಅವತ್ತೇ ಹೋಯಿತು. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ, ರಾತ್ರಿಯೂ ಇಲ್ಲ, ಹಗಲೂ ಇಲ್ಲ.

ನಂಬದಿದ್ದರೆ ಬಿಡಿ. ಮುತ್ತನ ಮಗ ಈಗಲೂ ಇದ್ದಾನೆ, ಹೋಗಿ ಕೇಳಿ. ನಾಲ್ಕಾಳು ಆಳದ ಬಾವಿ ಅದು. ಚಿನ್ನ ಇದ್ದದ್ದು ಅದರ ತಳದಲ್ಲಿ, ಅಲ್ಲವಾ? ಅವನು ಸಿಕ್ಕಿದ್ದು ಮೊಣಕಾಲುದ್ದ ಮಣ್ಣು ತೆಗೆಯುವಷ್ಟರಲ್ಲೇ. ನಿಂತೇ ಇದ್ದ, ಎರಡೂ ಕೈ ಮೇಲೆತ್ತಿ. ಸೂಡಿಯ ಬೆಳಕಿನಲ್ಲಿ ಅವನ ಕೈ ನೋಡಿದವರು ನನ್ನ ಅಜ್ಜಿಗೆ ಹೇಳಿದ್ದಾರೆ... ಉಗುರುಗಳ ಸಂದಿಯಲ್ಲಿ, ಬಾವಿ ಮುಚ್ಚಿದ ಎಷ್ಟೋ ದಿನದ ಮೇಲೆ ಹಾಸಿಸಿದ ಆ ಹುಲ್ಲಿನ ಹಸಿ ಬೇರು ಇತ್ತು.