ನಾಲ್ಕನೇ ಕಂಪ್ಯೂಟರಿಗೆ ಹೊದಿಸಿದ ನಮಾಜಿನ ಚಾಪೆ

ಹೆಸರು ಅವಾತಿಫ್ ಅಬ್ದುಲ್ ಮುನೀಮ್, ವಯಸ್ಸು 46, ವಿಧವೆ. ಕೆಲಸ: ದುಮ್ಯಾತ್ ಪಟ್ಟಣದ ಬಡಗಿಗಳ ಓಣಿಯ ಮಸೀದಿಗೆ ಸೇರಿದ ಸೇವಾಕೇಂದ್ರದಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವುದು. ವಾಸ: ಅದೇ ಓಣಿ, ವಾರ್ನಿಷ್ ಅಂಗಡಿಯ ಮೇಲಿನ ಮನೆ. ಠಾಣೆಗೆ ಕರೆಸಿ ಕೇಳಿದ್ದಕ್ಕೆ, ಯಾರ ಒತ್ತಾಯವೂ ಇಲ್ಲದೆ ನಾನೇ ಹೇಳಿ ಬರೆಸುತ್ತಿರುವುದೇನೆಂದರೆ:

ಮಸೀದಿಯ ಗೋಡೆಗೆ ಅಂಟಿಕೊಂಡ ಆ ಕೋಣೆಯಲ್ಲಿ ಐದು ಕಂಪ್ಯೂಟರ್‌ಗಳಿವೆ. ಮನೆಯಲ್ಲಿ ಅನುಕೂಲ ಇಲ್ಲದವರು ಯಾರು ಬೇಕಾದರೂ ಬರಬಹುದು. ಕೆಟ್ಟ ಚಿತ್ರಗಳು ಬರಬಾರದೆಂದು ಸಮಿತಿಯವರು ತಡೆಯುವ ಪ್ರೋಗ್ರಾಮ್ ಹಾಕಿಸಿದ್ದಾರೆ. ಯಾರೂ ಕದ್ದು ನೋಡಬಾರದೆಂದು ಎಲ್ಲ ಪರದೆಗಳನ್ನೂ ಬಾಗಿಲ ಕಡೆ ತಿರುಗಿಸಿದ್ದಾರೆ, ಬಾಗಿಲಿಗೆ ಗಾಜಿದೆ. ಅಜಾನ್ ಕೂಗಿದ ಕೂಡಲೇ ಎಲ್ಲರನ್ನೂ ಎಬ್ಬಿಸಿ ನಮಾಜಿಗೆ ಕಳಿಸಿ ಬೀಗ ಹಾಕಬೇಕು ಎಂಬ ನಿಯಮವೂ ಇದೆ. ಇದನ್ನೆಲ್ಲ ಮಾಡಿಸಿದವರು ಸಮಿತಿಯ ಹಾಜಿ ಮೆತ್ವಲ್ಲಿಯವರು. ಈಗ ದೂರು ಕೊಟ್ಟಿರುವವರೂ ಅವರೇ.

ನಿನ್ನೆ ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ, ಪಾಲಿಶ್ ಕೆಲಸದ ಫತ್‌ಹಿಯ ಮಗಳು ನಿಸ್ಮಾ, 19 ವರ್ಷ, ಬಂದು ನಾಲ್ಕನೇ ಕಂಪ್ಯೂಟರಿನಲ್ಲಿ ಕೂತಳು. ನರ್ಸಿಂಗ್ ಸಂಸ್ಥೆಗೆ ಅರ್ಜಿ ಹಾಕುವುದಿತ್ತು. ಕೊನೆಯ ದಿನ ಗುರುವಾರ. ಹಿಂದಿನ ಎರಡು ದಿನ ಆ ಸಂಸ್ಥೆಯ ಪುಟವನ್ನೇ ತಡೆಯುವ ಪ್ರೋಗ್ರಾಮ್ ತಡೆದಿತ್ತು. ಯಾಕೆಂದು ನನಗೆ ಗೊತ್ತಾಗಲಿಲ್ಲ.

ಇಳಿಹೊತ್ತಿನ ಅಸರ್ ನಮಾಜಿಗೆ ಸ್ವಲ್ಪ ಮುಂಚೆ ಹಾಜಿಯವರು ಬಂದು, ಏಳಮ್ಮಾ, ಕಂಪ್ಯೂಟರಿನ ತಡೆ ಭದ್ರವಾಗಿದೆಯೋ ಇಲ್ವೋ ನೋಡ್ಬೇಕು ಎಂದು ಅವಳನ್ನು ಎಬ್ಬಿಸಿದರು. ಪ್ರತಿದಿನ ಒಂದಲ್ಲ ಒಂದು ಕಂಪ್ಯೂಟರಿನಲ್ಲಿ ಅವರು ಕೆಟ್ಟ ಮಾತೊಂದನ್ನು ಟೈಪ್ ಮಾಡಿ, ತಡೆ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ. ಒಂದೇ ಬೆರಳಿನಲ್ಲಿ, ಅಕ್ಷರಕ್ಕೊಮ್ಮೆ ಅಲ್ಲಾಹನ ಕ್ಷಮೆ ಕೇಳುತ್ತ ಟೈಪ್ ಮಾಡುತ್ತಾರೆ. ಕಳ್ಳ ಬರ್ತಾನೋ ಇಲ್ವೋ ನೋಡೋಕೆ ಬಾಗಿಲು ತೆಗೆದಿಟ್ಟ ಹಾಗಾಯ್ತಲ್ಲ ಹಾಜಿ ಎಂದು ನಾನು ಹಿಂದೊಮ್ಮೆ ಕೇಳಿದ್ದಕ್ಕೆ, ನಿನಗೇನು ತಿಳಿಯುತ್ತೆ, ಸುಮ್ನಿರವ್ವಾ ಎಂದಿದ್ದರು. ನಿನ್ನೆ ಲೈನ್ ನಿಧಾನವಿತ್ತು. ಪರದೆ ಬೆಳ್ಳಗೆ ನಿಂತಿತು. ನೋಡಿದ್ರಾ, ಏನೂ ಬರ್ಲಿಲ್ಲ, ದೇವರು ದೊಡ್ಡವನು ಎಂದು ಹೇಳಿ, ಪುಟವನ್ನು ಹಾಗೆಯೇ ಬಿಟ್ಟು ಕೈಕಾಲು ತೊಳೆದು ವುಜೂ ಮಾಡಲು ಹೋದರು.

4.35ಕ್ಕೆ ಅಜಾನ್ ಆಯಿತು. ಉಳಿದವರೆಲ್ಲ ಎದ್ದು ಹೋದರು. ನಿಸ್ಮಾ ನನ್ನ ಹತ್ತಿರ ಬಂದು ಕಿವಿಯಲ್ಲಿ ಒಂದು ಮಾತು ಹೇಳಿದಳು. ಆ ಮಾತನ್ನು ಮುಂದೆ ಬರೆಸುತ್ತೇನೆ. ಹೊರಗಿನಿಂದ ಬೀಗ ಹಾಕ್ಕೊಂಡು ಹೋಗಕ್ಕಾ ಎಂದಳು. ಹಾಕಿಕೊಂಡು ಹೋದೆ.

ನಮಾಜು ಮುಗಿಸಿ ಬಂದು ಬೀಗ ತೆಗೆದಾಗ ಹಾಜಿಯವರು ನನ್ನ ಹಿಂದೆಯೇ ಇದ್ದರು. ಕಪಾಟಿನಲ್ಲಿದ್ದ ನಮಾಜಿನ ಚಾಪೆ ನಾಲ್ಕನೇ ಪರದೆಯ ಮೇಲಿತ್ತು. ನಿಸ್ಮಾ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಹಾಜಿಯವರು ಚಾಪೆ ಎಳೆದರು. ಕೆಳಗಿದ್ದ ಚಿತ್ರವನ್ನು ನಾನು ವರ್ಣಿಸಲಾರೆ. ಗಂಡಸೊಬ್ಬ, ಹೆಂಗಸೊಬ್ಬಳು ಇದ್ದರು ಎಂದಷ್ಟೇ ಬರೆದುಕೊಳ್ಳಬೇಕು.

ಇದರ ಮೇಲೆ ನಮಾಜಿನ ಚಾಪೆ ಹೊದಿಸ್ತೀಯೇನೇ, ನಾಚಿಕೆಗೆಟ್ಟವಳೇ ಎಂದು ಹಾಜಿಯವರು ಕೂಗಿದರು. ನಾನು ಏನೂ ಮುಟ್ಟಿಲ್ಲ ಹಾಜಿ, ತಾನಾಗೇ ಬಂತು, ಗಾಜಿನಿಂದ ಓಣಿಗೆಲ್ಲ ಕಾಣುತ್ತೆ ಅಂತ ಕೈಗೆ ಸಿಕ್ಕಿದ್ದು ತಗೊಂಡು ಮುಚ್ಚಿದೆ ಎಂದು ಅವಳು ಹೇಳಿದಳು. ಆರಿಸೋಕೇನಾಗಿತ್ತು ಎಂದು ಕೇಳಿದರು. ಆರಿಸೋಕೆ ಮುಟ್ಟಿದ್ರೆ ನಿನ್ನದೇ ಕೈವಾಡ ಅಂತಿದ್ರಿ ಎಂದಳು. ನಮಾಜಿಗೆ ಯಾಕೆ ಬರ್ಲಿಲ್ಲ ಎಂದು ಕೇಳಿದರು. ಅದಕ್ಕೆ ಅವಳು ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಬಡಗಿಗಳು ಬಾಗಿಲಿಗೆ ಮುತ್ತಿದ್ದರು. ಒಬ್ಬ, ಪರದೆ ಈ ಕಡೆ ತಿರುಗಿಸಿದ್ದು ನೀವೇ ಅಲ್ವಾ ಹಾಜಿ, ಬಿಟ್ಟಿ ಸಿನಿಮಾ ಆಯ್ತಲ್ಲ ಎಂದ. ಉಳಿದವರು ನಕ್ಕರು. ಫತ್‌ಹಿ ಪಾಲಿಶ್ ಮೆತ್ತಿದ ಕೈಯಲ್ಲೇ ಓಡಿ ಬಂದ. ಮಗಳನ್ನು ನೋಡಿದ, ಪರದೆ ನೋಡಿದ. ನೀವೇ ಟೈಪ್ ಮಾಡಿದ್ದು ಹಾಜಿ, ನಾನು ನೋಡಿದೀನಿ ಎಂದು ನಾನು ಹೇಳಿದೆ. ಹಾಜಿಯವರು ಅಲ್ಲವೆನ್ನಲಿಲ್ಲ. ನಾನು ಮಾಡಿದ್ದು ತಡೆಯೋಕೆ, ನನ್ನ ನಿಯತ್ತು ದೇವರಿಗೆ ಗೊತ್ತು ಎಂದರು. ಆಮೇಲೆ ಠಾಣೆಗೆ ಫೋನ್ ಮಾಡಿದರು.

ಈಗ ಹುಡುಗಿಯ ಮೇಲೆ ಎರಡು ದೂರುಗಳಿವೆ ಎಂದು ತಿಳಿಸಿದ್ದಾರೆ. ಪವಿತ್ರ ಜಾಗದಲ್ಲಿ ಅಶ್ಲೀಲ ನೋಡಿದ್ದು ಒಂದು, ನಮಾಜಿನ ಚಾಪೆಗೆ ಅಪಮಾನ ಮಾಡಿದ್ದು ಇನ್ನೊಂದು. ನನಗೆ ಅರ್ಥವಾಗುತ್ತಿಲ್ಲ. ಮುಚ್ಚದಿದ್ದರೆ ನೋಡಿದಳು ಎನ್ನುತ್ತಿದ್ದರು. ಮುಚ್ಚಿದ್ದಕ್ಕೆ ಧರ್ಮನಿಂದೆ ಎನ್ನುತ್ತಾರೆ. ಆರಿಸಿದ್ದರೆ ಸಾಕ್ಷ್ಯ ಅಳಿಸಿದಳು ಎನ್ನುತ್ತಿದ್ದರು. ಬೀಗ ಹಾಕಿದ ಕೋಣೆಯೊಳಗೆ ಒಬ್ಬಳೇ ಇದ್ದ ಹುಡುಗಿ ಬೇರೆ ಏನು ಮಾಡಬೇಕಿತ್ತು ಎಂದು ಇದನ್ನು ಬರೆದುಕೊಳ್ಳುತ್ತಿರುವ ರೈಟರ್ ಅವರನ್ನೇ ಕೇಳಿದೆ. ಇಲ್ಲಿ ಪ್ರಶ್ನೆ ಕೇಳೋದು ನಾವು, ಅವಳು ಕಿವೀಲಿ ಏನು ಹೇಳಿದಳು ಅದನ್ನ ಹೇಳಿ ಎಂದರು.

ನಾನು ಬರೆಯುವುದನ್ನು ನಿಲ್ಲಿಸಲು ಹೇಳಿ, ಹೊರಗೆ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತಿದ್ದ ನಿಸ್ಮಾಳ ಬಳಿ ಹೋಗಿ, ಹೇಳಲಾ ಎಂದು ಕೇಳಿದೆ.  ಅಪ್ಪ ಟೀ ಕುಡಿಯೋಕೆ ಹೋಗ್ಲಿ, ಆಮೇಲೆ ಹೇಳಕ್ಕಾ ಎಂದಳು. ಫತ್‌ಹಿ ಎದ್ದು ಹೋದ ಮೇಲೆ ಒಳಗೆ ಬಂದು ಮುಂದಿನದನ್ನು ಬರೆಸಿದ್ದೇನೆ.

ಅವಳು ಮುಟ್ಟಾಗಿದ್ದಳು. ಮುಟ್ಟಾದ ಹೆಂಗಸು ನಮಾಜು ಮಾಡುವಂತಿಲ್ಲ. ಇದು ನಾನು ಹೇಳುವುದಲ್ಲ, ಧರ್ಮವೇ ಕೊಟ್ಟ ರಿಯಾಯಿತಿ. ಆದರೆ ಸಮಿತಿಯ ನಿಯಮದಂತೆ ಅವಳನ್ನು ಹೊರಗೆ ಕಳಿಸಿದ್ದರೆ, ಊರೆಲ್ಲ ನಮಾಜಿಗೆ ನಿಂತ ಹೊತ್ತಿನಲ್ಲಿ ಇವಳೊಬ್ಬಳು ಓಣಿಯಲ್ಲಿ ನಿಲ್ಲಬೇಕಿತ್ತು. ಯಾಕೆ ನಿಂತಿದ್ದಾಳೆಂದು ಮಸೀದಿಗೆ ಹೋಗಿ ಬರುವ ಗಂಡಸರಿಗೆಲ್ಲ ಗೊತ್ತಾಗುತ್ತಿತ್ತು. ಅದಕ್ಕೇ ಅಂಥ ದಿನಗಳಲ್ಲಿ ಹುಡುಗಿಯರನ್ನು ನಾನು ಒಳಗೇ ಕೂರಿಸುತ್ತೇನೆ. ಇನ್ನು ಮುಂದೆಯೂ ಕೂರಿಸುತ್ತೇನೆ. ನಿಯಮ ಬರೆದ ಗಂಡಸರ ಮನೆಗಳಲ್ಲೂ ಹೆಂಡತಿ, ಮಗಳು, ಸೊಸೆ ಇದ್ದಾರೆ. ಬರೆಯುವಾಗ ಒಬ್ಬನಿಗಾದರೂ ಇದು ಹೊಳೆಯಲಿಲ್ಲವೇ?

ಇದನ್ನು ಹೇಳಿದ ಮೇಲೆ ರೈಟರ್ ಅವರು, ಹಾಗಾದ್ರೆ ಚಾಪೆ ವಿಷಯ ಇನ್ನೂ ಕೆಟ್ಟಿತಲ್ಲಮ್ಮಾ, ಆ ಸ್ಥಿತೀಲಿ ಅದನ್ನ ಎತ್ತಿದಾಳೆ ಎಂದರು. ನಾನು ಗಾಬರಿಯಾದೆ. ಉಳಿಸಲು ಹೋಗಿ ಹುಡುಗಿಯನ್ನು ನಾನೇ ಮುಳುಗಿಸಿದೆನೇ ಎಂದು ತಿಳಿಯದಾಯಿತು. ಹಾಜಿಯವರ ಜೊತೆ ಬಂದಿದ್ದ ಮಸೀದಿಯ ಇಮಾಮ್ ಶೇಖ್ ಬಸ್ಯೂನಿಯವರನ್ನು ಕರೆಸಿ ಎಂದೆ. ಹಾಜಿಯವರೂ ಒಳಬಂದರು. ಇಮಾಮರು ತಲೆ ಎತ್ತದೆ, ಅವಳು ನಮಾಜು ಮಾಡಬಾರದು ಅಷ್ಟೇ, ಚಾಪೆ ಎತ್ತಿದರೆ ಪಾಪವಿಲ್ಲ, ಚಾಪೆ ಮೈಲಿಗೆಯೂ ಆಗುವುದಿಲ್ಲ ಎಂದರು. ಹಾಜಿಯವರು, ಹುಡುಗಿಯ ವಿಷಯಾನ ನಿನ್ನೆಯೇ ಬಾಯಿಬಿಟ್ಟು ಹೇಳಬಾರದಿತ್ತಾ ಎಂದು ನನ್ನನ್ನು ಕೇಳಿದರು. ಯಾರ ಮುಂದೆ ಹಾಜಿ, ಬಾಗಿಲಲ್ಲಿ ನಗ್ತಿದ್ದ ಬಡಗಿಗಳ ಮುಂದೆಯಾ ಎಂದೆ. ಅವರು ಜಪಮಣಿ ತಿರುಗಿಸುತ್ತ, ದೂರು ವಾಪಸ್ ತಗೊಳ್ಳೋದಕ್ಕೆ ಸಮಿತೀನ ಕೇಳ್ಬೇಕು ಎಂದರು. ದೂರು ಕೊಡುವಾಗ ಸಮಿತಿಯನ್ನು ಕೇಳಿರಲಿಲ್ಲ ಎಂಬುದನ್ನೂ ಬರೆದುಕೊಳ್ಳಬೇಕು.

ನಿಸ್ಮಾಳ ಗುರುತಿನ ಚೀಟಿ ಠಾಣೆಯಲ್ಲಿದೆ. ಅದಿಲ್ಲದೆ ಅರ್ಜಿ ಹೋಗುವುದಿಲ್ಲ. ಗುರುವಾರದೊಳಗೆ ಅದನ್ನು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಮುಟ್ಟಿನ ಮಾತು ಸರ್ಕಾರಿ ಕಾಗದದಲ್ಲಿ ಚೆನ್ನಾಗಿರಲ್ಲ, ವೈಯಕ್ತಿಕ ಕಾರಣ ಅಂತ ಬರೀತೀನಿ ಎಂದು ರೈಟರ್ ಅವರು ಹೇಳಿದರು. ಬೇಡ ಎಂದೆ. ಆ ಎರಡು ಪದಗಳ ಹಿಂದೆ ಓಣಿಯವರು ತಮಗೆ ಬೇಕಾದ ಹೊಲಸನ್ನೆಲ್ಲ ತುಂಬುತ್ತಾರೆ. ಆ ಸಾಲು ಹೋದರೆ ನನ್ನ ಸಹಿಯೂ ಇರುವುದಿಲ್ಲ ಎಂದೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ಆ ಪದ ಬಂದಾಗ ರೈಟರ್ ಅವರು ತಡೆದು ನಿಂತರು. ನಿಲ್ಲಬೇಡಿ ಎಂದೆ. ಓದಿದರು. ಇದರಲ್ಲಿರುವುದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಯಾವ ಸಾಲನ್ನೂ ಹೊಡೆದುಹಾಕಿಲ್ಲ ಎಂದು ನೋಡಿಕೊಂಡು ಸಹಿ ಮಾಡಿದ್ದೇನೆ.

ಸ್ಥಳ: ದುಮ್ಯಾತ್
ದಿನಾಂಕ: 18-8-2009, ಮಂಗಳವಾರ
(ಸಹಿ) ಅವಾತಿಫ್ ಅಬ್ದುಲ್ ಮುನೀಮ್